ಕಾಯುವ ತೆರೆ: ಅಂತರ್ಜಾಲದ ವರ್ತನಾ ಪ್ರಯೋಗಗಳಲ್ಲಿ ಒಂದು ವಿಚಾರ

ಮನಃಶಾಸ್ತ್ರದ ಪ್ರಯೋಗವೆಂದರೆ ಒಂದು ಕೋಣೆ, ಒಂದು ಮೇಜು, ಒಂದು ಸ್ಟಾಪ್‌ವಾಚು, ಮೇಜಿನ ಆಚೆಗೆ ಕುಳಿತ ಒಬ್ಬ ಸಹಪಾಠಿ, ಇಷ್ಟೇ ಎಂದು ಮೊದಲ ವರ್ಷದಲ್ಲಿ ನಾವೆಲ್ಲ ತಿಳಿದುಕೊಂಡಿದ್ದೆವು. 1879ರಲ್ಲಿ ಜರ್ಮನಿಯ ಲೈಪ್ಸಿಗ್ ನಗರದಲ್ಲಿ ವುಂಟ್ ಎಂಬ ವಿದ್ವಾಂಸನು ಪ್ರಯೋಗಶಾಲೆಯನ್ನು ತೆರೆದಂದಿನಿಂದ ಈ ಶಾಸ್ತ್ರವು ಬಹುಕಾಲ ನಡೆದು ಬಂದ ದಾರಿಯೂ ಅದೇ. ನಮ್ಮ ನಾಡಿನಲ್ಲಿ 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ವಿಭಾಗವನ್ನು ಕಟ್ಟಿದವರು ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು. ಅದೇ ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೋ ಕೇಂದ್ರವನ್ನು ನಡೆಯಿಸತೊಡಗಿದರು. ಎದುರಿಗೆ ಕುಳಿತವನನ್ನು ಅಳೆಯುವ ಶಾಸ್ತ್ರ, ಕಣ್ಣಿಗೆ ಕಾಣದ ಕೇಳುಗನೊಡನೆ ಮಾತನಾಡುವ ಯಂತ್ರ, ಎರಡೂ ಒಬ್ಬರದೇ ಕೈಯಲ್ಲಿದ್ದವು. ಆದರೆ ಆಗ ಅವೆರಡೂ ಬೇರೆ ಬೇರೆ ಕೋಣೆಗಳಲ್ಲಿದ್ದವು. ಇಂದು ಅವು ಒಂದಾಗಿವೆ. ಪ್ರಯೋಗಕರ್ತನು ತನ್ನ ಆಟವನ್ನೋ ಪ್ರಶ್ನಾವಳಿಯನ್ನೋ ಅಂತರ್ಜಾಲದಲ್ಲಿ ಇಡುತ್ತಾನೆ; ಅದರಲ್ಲಿ ಪಾಲ್ಗೊಳ್ಳುವವರು ಎಲ್ಲೆಲ್ಲಿಯೋ ಕುಳಿತು ಉತ್ತರ ಕೊಡುತ್ತಾರೆ. ಅವರ ಮುಖ ಇವನಿಗೆ ಕಾಣುವದಿಲ್ಲ. ಇವನ ಮುಖ ಅವರಿಗೆ ಕಾಣುವದಿಲ್ಲ.

ಒಬ್ಬೊಬ್ಬರೇ ಮಾಡಿ ಮುಗಿಸುವ ಕೆಲಸವಾದರೆ ಇದರಲ್ಲಿ ಹೆಚ್ಚಿನ ತೊಡಕಿಲ್ಲ. ಆದರೆ ಸಹಕಾರ, ನಂಬಿಕೆ, ಚೌಕಾಶಿ, ನ್ಯಾಯಬುದ್ಧಿ ಇವುಗಳನ್ನು ಪರೀಕ್ಷಿಸಬೇಕಾದರೆ ಒಬ್ಬರ ನಿರ್ಧಾರವು ಇನ್ನೊಬ್ಬರಿಗೆ ತಟ್ಟಬೇಕು. ಅದಕ್ಕಾಗಿ ಮೂವರೋ ನಾಲ್ವರೋ ಒಂದೇ ವೇಳೆಗೆ ಕೂಡಬೇಕು. ಎಲ್ಲರೂ ಕೂಡುವ ತನಕ ಮೊದಲು ಬಂದವರ ಕಣ್ಣ ಮುಂದೆ ಏನಾದರೊಂದು ಇರಬೇಕಷ್ಟೆ. ಅದಕ್ಕೆ ನಾನು ‘ಕಾಯುವ ತೆರೆ’ ಎಂದು ಹೆಸರಿಟ್ಟಿದ್ದೇನೆ. ವಿಷಯವು ಅತಿ ಚಿಕ್ಕದೆಂದು ವಾಚಕರಿಗೆ ತೋರಬಹುದು. ನನಗೂ ಹಾಗೆಯೇ ತೋರಿತ್ತು. ಅದರಲ್ಲಿ ನಾನು ಮಾಡಿದ ತಪ್ಪು ಮಾತ್ರ ಚಿಕ್ಕದಾಗಿರಲಿಲ್ಲವಾದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

1. ಆಟದ ಸ್ವರೂಪ

ನಮ್ಮ ತರಗತಿಯ ಅಭ್ಯಾಸಕ್ಕಾಗಿ ಅಧ್ಯಾಪಕರು ಆರಿಸಿಕೊಟ್ಟದ್ದು ‘ಸಾರ್ವಜನಿಕ ಹಿತದ ಆಟ’. ಅರ್ಥಶಾಸ್ತ್ರಜ್ಞರೂ ಮನಃಶಾಸ್ತ್ರಜ್ಞರೂ ಇದನ್ನು ಬಹಳವಾಗಿ ಬಳಸಿದ್ದಾರೆ. ಇದರಲ್ಲಿ ನಾಲ್ವರು ಆಟಗಾರರು. ಪ್ರತಿಯೊಬ್ಬನಿಗೂ 20 ನಾಣ್ಯಗಳು ಸಿಗುತ್ತವೆ. ಇವುಗಳಲ್ಲಿ ತನಗೆ ಬೇಕಾದಷ್ಟನ್ನು ಒಟ್ಟಿನ ಗಂಟಿಗೆ ಹಾಕಿ ಉಳಿದುದನ್ನು ತನ್ನಲ್ಲಿ ಇಟ್ಟುಕೊಳ್ಳಬಹುದು. ಗಂಟಿಗೆ ಬಿದ್ದ ಮೊತ್ತವನ್ನು 1.6ರಿಂದ ಗುಣಿಸಿ ನಾಲ್ವರಿಗೂ ಸಮನಾಗಿ ಹಂಚುತ್ತಾರೆ. ನಾಲ್ವರೂ ತಮ್ಮದೆಲ್ಲವನ್ನೂ ಹಾಕಿದರೆ 80 ನಾಣ್ಯಗಳು 128 ಆಗಿ ತಲೆಗೆ 32 ಬರುತ್ತವೆ. ಮೂವರು ಎಲ್ಲವನ್ನೂ ಹಾಕಿ ಒಬ್ಬನು ಏನೂ ಹಾಕದೆ ಇದ್ದರೆ 60 ನಾಣ್ಯಗಳು 96 ಆಗಿ ತಲೆಗೆ 24 ಬರುತ್ತವೆ. ಹಾಕದವನ ಕೈಯಲ್ಲಿ ಮಾತ್ರ ಮೊದಲಿನ 20 ಕೂಡಿ 44 ಆಗುತ್ತವೆ. ಊರ ಕೆರೆಯ ಹೂಳು ತೆಗೆಯುವ ದಿನ ಮನೆಯಲ್ಲಿ ಮಲಗಿದವನಿಗೂ ಮುಂದೆ ನೀರು ಸಿಗುತ್ತದಲ್ಲವೆ? ಅದೇ ಮಾತು. ಎಲ್ಲರೂ ದುಡಿದರೆ ಎಲ್ಲರಿಗೂ ಲಾಭ. ಒಬ್ಬನು ತಪ್ಪಿಸಿಕೊಂಡರೆ ಅವನಿಗೆ ಹೆಚ್ಚಿನ ಲಾಭ. ಮನುಷ್ಯನು ಇಂಥ ವೇಳೆಯಲ್ಲಿ ಏನು ಮಾಡುವನೆಂಬದೇ ಪ್ರಶ್ನೆ.

ಇಂಥ ಆಟಗಳನ್ನು ಪ್ರಯೋಗಶಾಲೆಯ ಗಣಕಯಂತ್ರಗಳಲ್ಲಿ ಆಡಿಸುವ ಸಲುವಾಗಿ ಜ್ಯೂರಿಕ್‌ನಲ್ಲಿ ಊರ್ಸ್ ಫಿಶ್‌ಬಾಕರ್ ಎಂಬವರು ‘ಝಡ್-ಟ್ರೀ’ ಎಂಬ ತಂತ್ರಾಂಶವನ್ನು ರಚಿಸಿದರು. ಅದನ್ನು ವಿವರಿಸುವ ಅವರ ಲೇಖನ 2007ರಲ್ಲಿ ಪ್ರಕಟವಾಯಿತು. ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತಿರುವದರಿಂದ ಕಾಯುವದು ಅಷ್ಟೊಂದು ಬಾಧಿಸುವದಿಲ್ಲ. ಪಕ್ಕದವರು ಗುಂಡಿ ಒತ್ತುವ ಸಪ್ಪಳ ಕೇಳುತ್ತಿರುತ್ತದೆ. ಸಂಶಯ ಬಂದರೆ ಕೈ ಎತ್ತಿ ಕೇಳಬಹುದು. ಮುಂದೆ 2016ರಲ್ಲಿ ಚೆನ್, ಶೋಂಗರ್, ವಿಕೆನ್ಸ್ ಈ ಮೂವರು ‘ಓಟ್ರೀ’ ಎಂಬ ತಂತ್ರಾಂಶವನ್ನು ಕುರಿತು ಬರೆದರು. ಇದು ಬ್ರೌಸರಿನಲ್ಲಿ ತೆರೆಯುವದರಿಂದ ಕೈಯಲ್ಲಿ ಮೊಬೈಲು ಇದ್ದವರೆಲ್ಲ ಆಡಬಹುದು. ಇದರಲ್ಲಿ ಕಾಯುವ ಪುಟವೆಂದೇ ಒಂದು ಬಗೆಯ ಪುಟವಿದೆ. ಬಂದವರನ್ನು ಬಂದ ಕ್ರಮದಲ್ಲಿಯೇ ಗುಂಪು ಕಟ್ಟುವ ಸೌಕರ್ಯವೂ ಇದೆ. ನಾವು ಬಳಸಿದ್ದು ಇದನ್ನೇ. ಯಂತ್ರದ ಕೆಲಸವನ್ನು ಗೆಳೆಯರು ವಹಿಸಿಕೊಂಡರು. ತೆರೆಗಳ ಮೇಲಿನ ಕನ್ನಡವು ನನ್ನ ಪಾಲಿಗೆ ಬಂದಿತು. ಕಾಯುವ ತೆರೆಗೆ ನಾನು ಎರಡೇ ಶಬ್ದ ಬರೆದೆ: ‘ದಯವಿಟ್ಟು ಕಾಯಿರಿ’. ಅದರ ಕೆಳಗೆ ತಿರುಗುವ ಒಂದು ಚಕ್ರ. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

2. ಕಾಖಂಡಕಿಯಲ್ಲಿ ನಡೆದದ್ದು

ಕಾಲೇಜಿನ ಹೊರಗಿನವರನ್ನೂ ಕೂಡಿಸಿಕೊಳ್ಳಬೇಕೆಂದು ಅಧ್ಯಾಪಕರು ಹೇಳಿದ್ದರಿಂದ ನಾನು ನಮ್ಮೂರಿನಲ್ಲಿರುವ ಚಿಗವ್ವನನ್ನು ಒಪ್ಪಿಸಿದೆ. ನಮ್ಮೂರು ಬಬಲೇಶ್ವರ ತಾಲೂಕಿನ ಕಾಖಂಡಕಿ. ಮಹಿಪತಿದಾಸರ ಊರೆಂದು ಹರಿದಾಸ ಸಾಹಿತ್ಯ ಓದಿದವರೆಲ್ಲ ಬಲ್ಲರು. ಚಿಗವ್ವ ಹತ್ತನೆಯ ಇಯತ್ತೆಯವರೆಗೆ ಓದಿದವಳು. ಮೊಬೈಲಿನಲ್ಲಿ ಓದಿ ಬರೆಯಬಲ್ಲಳು. ಅವಳ ಗುಂಪಿನ ಉಳಿದ ಮೂವರಲ್ಲಿ ಇಬ್ಬರು ವಸತಿಗೃಹದಲ್ಲಿದ್ದ ನನ್ನ ಸಹಪಾಠಿಗಳು, ಇನ್ನೊಬ್ಬನು ವಿಜಯಪುರದಿಂದ ಊರಿಗೆ ಹೊರಟು ಬಸ್ಸಿನಲ್ಲಿದ್ದವನು.

ಸಂಜೆ ಏಳಕ್ಕೆ ಆಟ. ಚಿಗವ್ವ ಹೇಳಿದ ವೇಳೆಗೆ ಸರಿಯಾಗಿ ಸೂಚನೆಗಳನ್ನು ಓದಿ ಒಳಗೆ ಬಂದಳು. ಬಸ್ಸಿನಲ್ಲಿದ್ದವನಿಗೆ ದಾರಿಯಲ್ಲಿ ಸಿಗ್ನಲ್ಲು ಹೋಯಿತು. ಅವನು ಬರಲೇ ಇಲ್ಲ. ವಸತಿಗೃಹದ ಇಬ್ಬರೂ ಮೂರು ನಾಲ್ಕು ನಿಮಿಷ ಚಕ್ರ ತಿರುಗುವದನ್ನು ನೋಡಿ, ಪುಟ ಮುಚ್ಚಿ, ಊಟಕ್ಕೆ ಹೋದರು. ಚಿಗವ್ವ ಮಾತ್ರ ಕಾದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ತೆರೆ ಆರಿಹೋಗಲು ಬಂದಾಗಲೆಲ್ಲ ಹಿಟ್ಟಿನ ಬೆರಳು ತಾಗದಂತೆ ಮೊಳಕೈಯಿಂದ ಮುಟ್ಟಿ ಎಚ್ಚರಿಸುತ್ತ, ಸುಮಾರು ನಲವತ್ತು ನಿಮಿಷ ಕಾದಳು. ಕಡೆಗೆ ನನಗೆ ಫೋನು ಮಾಡಿದಳು.

“ತಮ್ಮಾ, ನಾ ಏನರೆ ತಪ್ಪ ಒತ್ತೀನೇನೋ? ನನ್ನ ಒಳಗ ಬಿಡವಲ್ದು ನೋಡು.”

“ಇಲ್ಲ ಚಿಗವ್ವಾ, ನಿಂದೇನೂ ತಪ್ಪಿಲ್ಲ. ಅಲ್ಲ, ಇಷ್ಟೊತ್ತು ಯಾಕ ಕುಂತಿ? ಮುಚ್ಚಿಬಿಡಬೇಕಿತ್ತಿಲ್ಲೋ?”

“ಕಾಯ್ರಿ ಅಂತ ನೀನ ಬರದಿದ್ದೆಲ್ಲಪಾ. ನಡುವ ಎದ್ದರ ನಿನ್ನ ಪರೀಕ್ಷಾ ಕೆಟ್ಟೀತು ಅಂತ ಕುಂತೆ.”

ಮರುದಿನ ನಾವು ಅಂಕಿಗಳ ಪಟ್ಟಿಯನ್ನು ತೆರೆದೆವು. ಮೂರು ನಿಮಿಷಕ್ಕೆ ಎದ್ದುಹೋದವರ ಹೆಸರಿನ ಮುಂದೆ ‘ಅಪೂರ್ಣ’ ಎಂದಿತ್ತು. ನಲವತ್ತು ನಿಮಿಷ ಕಾದ ಚಿಗವ್ವನ ಹೆಸರಿನ ಮುಂದೆಯೂ ‘ಅಪೂರ್ಣ’ ಎಂದೇ ಇತ್ತು. ಆ ಪಟ್ಟಿಯನ್ನು ನೋಡಿದಾಗ ನನಗೆ ಆದ ನಾಚಿಕೆಯನ್ನು ಇಲ್ಲಿ ಬಣ್ಣಿಸಲಾರೆ. ಸಹಕಾರವನ್ನು ಅಳೆಯುತ್ತೇವೆಂದು ಹೊರಟ ನಾವು, ಅಂದು ಎಲ್ಲರಿಗಿಂತ ಹೆಚ್ಚು ಸಹಕರಿಸಿದವಳನ್ನು ಲೆಕ್ಕದಿಂದ ಹೊರಗೆ ಹಾಕಿದ್ದೆವು. ಮೇಲಾಗಿ, ತಪ್ಪು ತನ್ನದೆಂದು ಅವಳು ನಂಬುವಂತೆ ಮಾಡಿದ್ದೆವು.

3. ಟಂಟಂ ಗಾಡಿಯ ಲೆಕ್ಕ

ಇಂಥ ಕಾಯುವಿಕೆ ಏಕೆ ಹುಟ್ಟುತ್ತದೆ? ಗಿರಣಿಯ ಪಾಳಿಯಂಥದು ಇದಲ್ಲ. ಗಿರಣಿಯಲ್ಲಿ ನಮ್ಮ ಮುಂದೆ ಎಷ್ಟು ಡಬ್ಬಿಗಳಿವೆಯೋ ಅಷ್ಟು ಹೊತ್ತು ಕಾಯಬೇಕು. ಡಬ್ಬಿಯನ್ನು ಪಾಳಿಗೆ ಹಚ್ಚಿ ಮನೆಗೆ ಹೋಗಿಯೂ ಬರಬಹುದು. ನಮ್ಮ ಆಟದ ಕಾಯುವಿಕೆಯಾದರೋ ಟಂಟಂ ಗಾಡಿಯದು. ಸೀಟು ತುಂಬುವ ತನಕ ಗಾಡಿ ಬಿಡುವದಿಲ್ಲ. ನಮಗಿಂತ ಮುಂಚೆ ಬಂದವರಿಂದ ನಮಗೆ ತಡವಾಗುವದಿಲ್ಲ, ಇನ್ನೂ ಬಾರದವರಿಂದ ಆಗುತ್ತದೆ. ಮೊದಲು ಬಂದು ಕುಳಿತವನೇ ಎಲ್ಲರಿಗಿಂತ ಹೆಚ್ಚು ಕಾಯುತ್ತಾನೆ.

ಇದನ್ನು ಅಂಕಿಯಲ್ಲಿ ನೋಡೋಣ. ಎರಡು ನಿಮಿಷಕ್ಕೆ ಒಬ್ಬರಂತೆ ಜನ ಬರುತ್ತಾರೆಂದೂ ಗುಂಪಿಗೆ ನಾಲ್ವರು ಬೇಕೆಂದೂ ಇಟ್ಟುಕೊಳ್ಳಿರಿ. ಮೊದಲಿನವನು 6 ನಿಮಿಷ, ಎರಡನೆಯವನು 4, ಮೂರನೆಯವನು 2 ನಿಮಿಷ ಕಾಯುತ್ತಾನೆ. ನಾಲ್ಕನೆಯವನು ಕಾಯುವದೇ ಇಲ್ಲ. ಸರಾಸರಿ 3 ನಿಮಿಷ. ಗುಂಪಿಗೆ ಹತ್ತು ಜನ ಬೇಕಾದರೆ ಮೊದಲಿನವನು 18 ನಿಮಿಷ ಕಾಯಬೇಕು. ಸರಾಸರಿ 9 ನಿಮಿಷ. ಜನ ಬರುವ ವೇಗ ಇಮ್ಮಡಿಯಾದರೆ ಕಾಯುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಆದುದರಿಂದ ದಿನವಿಡೀ ಬಾಗಿಲು ತೆರೆದಿಟ್ಟು ‘ಬಂದಾಗ ಬರಲಿ’ ಎನ್ನುವದಕ್ಕಿಂತ, ಒಂದು ಗೊತ್ತಾದ ವೇಳೆಯನ್ನು ಸಾರಿ ಎಲ್ಲರನ್ನೂ ಒಮ್ಮೆಲೆ ಕರೆಯುವದು ಲೇಸು. ಕಾಯುವ ತೆರೆಯ ಮೊದಲನೆಯ ಸುಧಾರಣೆಯು ಆ ತೆರೆಯ ಹೊರಗೇ ಇದೆ: ಕಾಯಬೇಕಾದ ಹೊತ್ತನ್ನೇ ಕಡಿಮೆ ಮಾಡುವದು.

ಇನ್ನೊಂದು ಲೆಕ್ಕವೂ ಇದೆ. ಗುಂಪು ಕೂಡಿದ ಮೇಲೆ ಪ್ರತಿಯೊಬ್ಬನೂ ಕಡೆತನಕ ನಿಲ್ಲುವ ಸಂಭವ ನೂರಕ್ಕೆ 90 ಎಂದು ಹಿಡಿಯಿರಿ. ಒಬ್ಬೊಬ್ಬರನ್ನೇ ನೋಡಿದರೆ ಇದು ಒಳ್ಳೆಯ ಅಂಕಿ. ಆದರೆ ನಾಲ್ವರೂ ನಿಲ್ಲುವ ಸಂಭವವು 0.9ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 66. ಹತ್ತು ಜನರ ಗುಂಪಿನಲ್ಲಿ ಅದು ನೂರಕ್ಕೆ ಸುಮಾರು 35ಕ್ಕೆ ಇಳಿಯುತ್ತದೆ. ಒಬ್ಬನು ಎದ್ದರೆ ಉಳಿದವರ ಶ್ರಮವೂ ವ್ಯರ್ಥವಾಗುವ ಭಯವಿದೆ. ಇದಕ್ಕಾಗಿ ಸೂಚನೆಗಳನ್ನು ಓದಿಸುವದು, ಅರ್ಥವಾಯಿತೇ ಎಂದು ಕೇಳುವದು ಮೊದಲಾದ ಕೆಲಸಗಳನ್ನೆಲ್ಲ ಗುಂಪು ಕಟ್ಟುವ ಮುಂಚೆಯೇ ಮುಗಿಸಬೇಕು. ನಿಧಾನವಾಗಿ ಓದುವವನು ತನ್ನ ವೇಳೆಯಲ್ಲಿ ನಿಧಾನವಾಗಿ ಓದಲಿ. ಉಳಿದ ಮೂವರನ್ನು ಕಟ್ಟಿಹಾಕಿ ಓದುವದು ಬೇಡ.

4. ಕಾಯುವವನ ಮನಸ್ಸು

ಗಡಿಯಾರದ ಹತ್ತು ನಿಮಿಷವೂ ಮನಸ್ಸಿನ ಹತ್ತು ನಿಮಿಷವೂ ಒಂದೇ ಅಲ್ಲ. ಈ ವಿಷಯದಲ್ಲಿ ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಬರೆದ ಪ್ರಬಂಧವು ಪ್ರಸಿದ್ಧವಾದುದು. ಅವರು ಹೇಳಿದ ಕೆಲವು ತತ್ತ್ವಗಳನ್ನು ನಮ್ಮ ಮಾತಿನಲ್ಲಿ ಹೇಳುವದಾದರೆ ಹೀಗೆ: ಕೆಲಸವಿಲ್ಲದೆ ಕಾಯುವದು ಕೆಲಸವಿದ್ದು ಕಾಯುವದಕ್ಕಿಂತ ದೀರ್ಘವೆನಿಸುತ್ತದೆ, ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆ ತಿಳಿದ ಕಾಯುವಿಕೆಗಿಂತ ದೀರ್ಘ, ಕಾರಣ ಗೊತ್ತಿಲ್ಲದ ಕಾಯುವಿಕೆ ಕಾರಣ ಗೊತ್ತಿದ್ದುದಕ್ಕಿಂತ ದೀರ್ಘ, ಅನ್ಯಾಯದ ಕಾಯುವಿಕೆ ನ್ಯಾಯದ್ದಕ್ಕಿಂತ ದೀರ್ಘ, ಒಬ್ಬಂಟಿಯಾಗಿ ಕಾಯುವದು ಜನರೊಡನೆ ಕಾಯುವದಕ್ಕಿಂತ ದೀರ್ಘ.

ನಮ್ಮೂರಿನವರಿಗೆ ಈ ತತ್ತ್ವಗಳು ಹೊಸವಲ್ಲ. ಕಾರಹುಣ್ಣಿಮೆಯ ಹಬ್ಬದಲ್ಲಿ ಕಾಖಂಡಕಿಯಲ್ಲಿ ಹೋರಿಗಳನ್ನು ಓಡಿಸುವದನ್ನು ನೋಡಲು ಸುತ್ತಲಿನ ಹಳ್ಳಿಗಳ ಜನ ಬಂದು ಸೇರುತ್ತದೆ. ಮಾಳಿಗೆಯ ಮೇಲೆ, ಕಟ್ಟೆಯ ಮೇಲೆ, ಬಿಸಿಲಲ್ಲಿ ಎಷ್ಟೋ ಹೊತ್ತು ನಿಂತಿರುತ್ತಾರೆ. ಬೇಸರಪಟ್ಟು ಮನೆಗೆ ಹೋದವರನ್ನು ನಾನು ಕಂಡಿಲ್ಲ. ಅವರೆಲ್ಲ ಕೂಡಿ ಕಾಯುತ್ತಾರೆ. ಏನಕ್ಕೆ ಕಾಯುತ್ತಿದ್ದೇವೆಂದು ಬಲ್ಲರು. ಹಲಗೆಯ ಸಪ್ಪಳ ಕೇಳಿದೊಡನೆ ಹೋರಿ ಹತ್ತಿರ ಬಂದಿತೆಂದು ತಿಳಿಯುತ್ತಾರೆ. ಅದೇ ಜನವನ್ನು ಒಬ್ಬೊಬ್ಬರನ್ನಾಗಿ ಒಂದೊಂದು ಕತ್ತಲೆ ಕೋಣೆಯಲ್ಲಿ ಕೂಡ್ರಿಸಿ ‘ದಯವಿಟ್ಟು ಕಾಯಿರಿ’ ಎಂದು ಗೋಡೆಯ ಮೇಲೆ ಬರೆದರೆ ಎಷ್ಟು ಜನ ಉಳಿದಾರು? ನಾನು ಚಿಗವ್ವನಿಗೆ ಮಾಡಿದ್ದು ಅದನ್ನೇ.

ಗಣಕಯಂತ್ರದ ಮಟ್ಟಿಗೆ ಹೇಳುವದಾದರೆ, ಅದೇ 1985ರಲ್ಲಿ ಬ್ರ್ಯಾಡ್ ಮೈಯರ್ಸ್ ಎಂಬವರು ಕೆಲಸವು ಎಷ್ಟು ಭಾಗ ಮುಗಿದಿದೆಯೆಂದು ತೋರಿಸುವ ಪಟ್ಟಿಯ ಮಹತ್ವವನ್ನು ಕುರಿತು ಬರೆದರು. ಬಳಸುವವರು ಅಂಥ ಪಟ್ಟಿಯನ್ನು ಮೆಚ್ಚುತ್ತಾರೆಂದು ಕಂಡುಬಂದಿತು. ತಿರುಗುವ ಚಕ್ರಕ್ಕೂ ಇದಕ್ಕೂ ಭೇದವಿದೆ. ಚಕ್ರವು ‘ಏನೋ ನಡೆದಿದೆ’ ಎನ್ನುತ್ತದೆ, ಅಷ್ಟೆ. ಎತ್ತು ಗಾಣ ಸುತ್ತುವಂತೆ ಅದು ಸುತ್ತುತ್ತಲೇ ಇರುತ್ತದೆ. ಎಷ್ಟು ಎಣ್ಣೆ ಬಂದಿತೆಂದು ಹೇಳುವದಿಲ್ಲ.

ಆದರೆ ಚಿಗವ್ವನ ಪ್ರಶ್ನೆಯಲ್ಲಿ ಬೇಸರಕ್ಕಿಂತ ದೊಡ್ಡ ಸಂಗತಿಯೊಂದಿತ್ತು: ‘ನನ್ನ ಒಳಗ ಬಿಡವಲ್ದು’. ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಅವರ ಸಂಗಡಿಗರು 2000ದಲ್ಲಿ ಅಂತರ್ಜಾಲದಲ್ಲಿಯೇ ಒಂದು ಪ್ರಯೋಗ ಮಾಡಿದರು. ತೆರೆಯ ಮೇಲೆ ಮೂವರು ಒಬ್ಬರಿಂದೊಬ್ಬರಿಗೆ ಎಸೆದು ಹಿಡಿಯುವ ಆಟ. ಅದರಲ್ಲಿ ನಿಜವಾದ ಮನುಷ್ಯನು ಒಬ್ಬನೇ. ಉಳಿದಿಬ್ಬರನ್ನು ಯಂತ್ರವೇ ಆಡಿಸುತ್ತಿತ್ತು. ಎಸೆತವು ತನ್ನ ಕಡೆಗೆ ಬಾರದೆ ಹೋದಾಗ, ಕಂಡರಿಯದ, ಮುಂದೆಂದೂ ಕಾಣದ ಆಟಗಾರರು ತನ್ನನ್ನು ಬಿಟ್ಟರೆಂದು ಜನ ನೊಂದುಕೊಂಡರು. 62 ದೇಶಗಳಿಂದ 1,486 ಜನ ಅದರಲ್ಲಿ ಪಾಲ್ಗೊಂಡಿದ್ದರು. ಇಷ್ಟು ಕ್ಷುಲ್ಲಕವಾದ ಆಟದಲ್ಲಿಯೇ ಹೀಗಾದರೆ, ಏನನ್ನೂ ಹೇಳದ ತೆರೆಯ ಮುಂದೆ ಕುಳಿತವರು ತಮ್ಮನ್ನು ಹೊರಗಿಟ್ಟರೆಂದು ತಿಳಿಯುವದರಲ್ಲಿ ಆಶ್ಚರ್ಯವೇನಿದೆ? ಕಾರಣ ಹೇಳದೆ ಇದ್ದರೆ ಮನಸ್ಸು ತಾನೇ ಒಂದು ಕಾರಣವನ್ನು ಹುಡುಕಿಕೊಳ್ಳುತ್ತದೆ. ಸಂಕೋಚವುಳ್ಳವರು ಅದನ್ನು ತಮ್ಮಲ್ಲಿಯೇ ಹುಡುಕುತ್ತಾರೆ. ಉಳಿದವರು ಜೊತೆಗಾರರಲ್ಲಿ ಹುಡುಕುತ್ತಾರೆ. ‘ನಾಲ್ಕನೆಯವನು ಏಕೆ ಇಷ್ಟು ಹೊತ್ತು ಯೋಚಿಸುತ್ತಾನೆ? ಮೋಸ ಮಾಡುವ ಲೆಕ್ಕ ಹಾಕುತ್ತಿರಬೇಕು’ ಎಂದುಕೊಂಡವನು ಮುಂದಿನ ಸುತ್ತಿನಲ್ಲಿ ಗಂಟಿಗೆ ಕಡಿಮೆ ಹಾಕಿದರೆ ಅದು ಅವನ ಸ್ವಭಾವವೋ ಅಥವಾ ನಮ್ಮ ತೆರೆಯ ದೋಷವೋ? ಹೇಳುವದು ಕಷ್ಟ.

5. ಎದ್ದುಹೋದವರ ಲೆಕ್ಕ

ಇಲ್ಲಿ ಕೆಲವು ಗೆಳೆಯರು, ‘ಎದ್ದುಹೋದವರು ಹೋಗಲಿ, ಉಳಿದವರ ಉತ್ತರ ಸಾಕಲ್ಲ’ ಎಂದು ವಾದಿಸಿದರು. ಈ ವಾದವು ಸರಿಯಲ್ಲ. ಯಾರು ಎದ್ದುಹೋಗುತ್ತಾರೆಂಬದು ಚೀಟಿ ಎತ್ತಿದಂತೆ ಆಗುವದಿಲ್ಲ. ತಾಳ್ಮೆಯಿಲ್ಲದವನು ಹೋಗುತ್ತಾನೆ, ಕೆಲಸವಿರುವವಳು ಹೋಗುತ್ತಾಳೆ, ಸಿಗ್ನಲ್ಲು ಇಲ್ಲದ ಹಳ್ಳಿಯವನು ಹೋಗದೆಯೇ ಹೋದಂತಾಗುತ್ತಾನೆ. ಉಳಿಯುವವರು ಪುರಸತ್ತಿದ್ದವರು, ಒಳ್ಳೆಯ ಮೊಬೈಲು ಇದ್ದವರು, ಇಲ್ಲವೆ ನಮ್ಮ ಚಿಗವ್ವನಂತೆ ಕೊಟ್ಟ ಮಾತಿಗೆ ಕಟ್ಟುಬಿದ್ದವರು. ಅವರನ್ನಷ್ಟೇ ಎಣಿಸಿ ‘ಮನುಷ್ಯನು ಇಷ್ಟು ಸಹಕಾರಿ’ ಎಂದರೆ, ಜಾತ್ರೆ ಮುಗಿದ ಮೇಲೆ ಗುಡಿಯಲ್ಲಿ ಉಳಿದವರನ್ನು ಎಣಿಸಿ ಊರಿಗೆ ಊರೇ ಭಕ್ತರದೆಂದು ಹೇಳಿದ ಹಾಗೆ.

2016ರಲ್ಲಿ ಝೌ ಮತ್ತು ಫಿಶ್‌ಬಾಕ್ ಎಂಬ ಸಂಶೋಧಕರು ಇದೇ ಅಪಾಯವನ್ನು ಎತ್ತಿ ತೋರಿಸಿದರು. ಪ್ರಯೋಗದ ಒಂದು ಪಂಗಡದಿಂದ ಹೆಚ್ಚು ಜನರೂ ಇನ್ನೊಂದರಿಂದ ಕಡಿಮೆ ಜನರೂ ಎದ್ದುಹೋದಾಗ ಅದನ್ನು ಗಮನಿಸದೆ ಇದ್ದರೆ, ಬೆರಗುಗೊಳಿಸುವ ಆದರೆ ಸುಳ್ಳಾದ ನಿರ್ಣಯಗಳಿಗೆ ಬಂದು ಮುಟ್ಟುತ್ತೇವೆಂದು ಅವರು ಸ್ಪಷ್ಟಪಡಿಸಿದ್ದಾರೆ. ಇದಕ್ಕೆ ನಿರಾಶೆಪಡಬೇಕಾದುದೂ ಇಲ್ಲ. ಅರೆಚಾರ್, ಗೆಖ್ಟರ್, ಮೋಲ್ಲೆಮನ್ ಇವರು 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಾರ್ವಜನಿಕ ಹಿತದ ಆಟವನ್ನು ಪ್ರಯೋಗಶಾಲೆಯಲ್ಲಿಯೂ ಅಂತರ್ಜಾಲದಲ್ಲಿಯೂ ಆಡಿಸಿ ಹೋಲಿಸಿದ್ದಾರೆ. ಸಹಕಾರದ ಮುಖ್ಯ ರೀತಿಗಳು ಎರಡೂ ಕಡೆ ಒಂದೇ ಬಗೆಯಾಗಿ ಕಂಡುಬಂದವು. ಅಂದರೆ ಕೆಲಸವು ಸಾಧ್ಯ, ಎಚ್ಚರವಿರಬೇಕು, ಅಷ್ಟೆ. ಪ್ರತಿಯೊಬ್ಬನು ಎಷ್ಟು ಹೊತ್ತು ಕಾದನು, ಯಾವ ತೆರೆಯಲ್ಲಿ ಎದ್ದನು ಎಂಬದನ್ನು ಬರೆದಿಟ್ಟು ಪ್ರಬಂಧದಲ್ಲಿ ಹೇಳಬೇಕು. ‘ಅಪೂರ್ಣ’ ಎಂಬ ಒಂದೇ ಶಬ್ದದಲ್ಲಿ ಎಲ್ಲರನ್ನೂ ಹೂಳಬಾರದು.

6. ತೆರೆಯ ಮೇಲೆ ಏನಿರಬೇಕು, ಏನಿರಬಾರದು

ಮೊದಲ ಸಲದ ತಪ್ಪನ್ನು ತಿದ್ದಲು ಹೋಗಿ ನಾನು ಎರಡನೆಯ ತಪ್ಪನ್ನು ಮಾಡಿದೆ. ಕಾಯುವವರಿಗೆ ಬೇಸರವಾಗದಿರಲೆಂದು ತೆರೆಯ ಮೇಲೆ ಗಾದೆಗಳನ್ನು ಒಂದಾದ ಮೇಲೊಂದು ತೋರಿಸುವ ಯೋಜನೆ ಹಾಕಿದೆ. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬದು ಮೊದಲನೆಯದು. ಅಧ್ಯಾಪಕರು ನೋಡಿ ನಕ್ಕರು. “ಅಲ್ಲಪ್ಪಾ, ಜನ ಗಂಟಿಗೆ ಎಷ್ಟು ಹಾಕತಾರ ಅಂತ ನೋಡಬೇಕಂತೀ, ಹಾಕ್ರಿ ಅಂತ ಮೊದಲs ಉಪದೇಶ ಮಾಡತೀಯಲ್ಲ?” ಎಂದರು. ಆಗ ನನಗೆ ಹೊಳೆಯಿತು: ಕಾಯುವ ತೆರೆಯು ಪ್ರಯೋಗದ ಹೊರಗಿನ ಪಡಸಾಲೆಯಲ್ಲ, ಅದೂ ಪ್ರಯೋಗದ ಒಂದು ಕೋಣೆಯೇ. ಅಲ್ಲಿ ಕಂಡದ್ದು ಕೇಳಿದ್ದೆಲ್ಲ ಮುಂದಿನ ನಿರ್ಧಾರದೊಳಗೆ ಇಳಿಯುತ್ತದೆ. ಹಾಸ್ಯದ ಚಿತ್ರವು ಮನಸ್ಸನ್ನು ಹಗುರ ಮಾಡುತ್ತದೆ. ಕಠಿಣ ಒಗಟು ದಣಿಸುತ್ತದೆ. ‘ಇನ್ನೂ ಐವತ್ತು ಜನ ಆಡುತ್ತಿದ್ದಾರೆ’ ಎಂಬ ಮಾತು ಗುಂಪಿನ ಬಲವನ್ನು ಸೂಚಿಸುತ್ತದೆ. ಆದುದರಿಂದ ಬೇಸರ ಕಳೆಯಲು ಏನನ್ನಾದರೂ ಇಡುವದಾದರೆ ಅದು ಆಟದ ವಿಷಯಕ್ಕೆ ಸಂಬಂಧಪಡದ್ದಾಗಿರಬೇಕು. ಎಲ್ಲ ಪಂಗಡಗಳಿಗೂ ಒಂದೇ ಆಗಿರಬೇಕು. ಬೇಡವೆಂದವರು ನೋಡದೆ ಬಿಡುವಂತಿರಬೇಕು.

ಇನ್ನು ಸುಳ್ಳಿನ ಮಾತು. ಟಂಟಂ ಚಾಲಕನು “ಹೊಂಟ್ವಿರೀ, ಹೊಂಟ್ವಿ” ಎನ್ನುತ್ತ ಇಂಜಿನನ್ನು ಗುರುಗುಟ್ಟಿಸಿ, ಎರಡು ಮಾರು ಮುಂದೆ ಸರಿಸಿ ಮತ್ತೆ ನಿಲ್ಲಿಸುತ್ತಾನೆ. ಕುಳಿತವರು ಇಳಿಯದಿರಲೆಂದು ಈ ಉಪಾಯ. ತೆರೆಯ ಮೇಲೂ ಇದನ್ನು ಮಾಡಬಹುದು: ಯಾರೂ ಬಾರದಿದ್ದರೂ ಮುಂದೆ ಸರಿಯುವ ಪಟ್ಟಿ, ‘ಇನ್ನೊಂದೇ ನಿಮಿಷ’ ಎಂಬ ಹುಸಿಮಾತು. ಜೊತೆಗಾರನು ಯಂತ್ರವೇ ಆಗಿರುವಾಗ ಅವನು ಮನುಷ್ಯನೆಂದು ನಂಬಿಸುವ ಸಲುವಾಗಿ ಸುಮ್ಮಸುಮ್ಮನೆ ಕಾಯಿಸುವ ಪದ್ಧತಿಯೂ ಕೆಲವು ಪ್ರಯೋಗಗಳಲ್ಲಿ ಉಂಟು. ಪ್ರಾಯೋಗಿಕ ಅರ್ಥಶಾಸ್ತ್ರದವರು ಇಂಥ ವಂಚನೆಯನ್ನು ಒಪ್ಪುವದಿಲ್ಲ. ಮನಃಶಾಸ್ತ್ರದವರು ಕೆಲವು ವೇಳೆ ನಿಯಮಗಳಿಗೆ ಒಳಪಟ್ಟು ಒಪ್ಪುತ್ತಾರೆ. ನನ್ನ ಅಭಿಪ್ರಾಯವಿಷ್ಟೇ: ಒಮ್ಮೆ ಸುಳ್ಳು ಹೇಳಿದ ಚಾಲಕನ ಗಾಡಿಯನ್ನು ಜನ ಮರುದಿನ ಹತ್ತುವದಿಲ್ಲ; ಹತ್ತಿದರೂ ಅವನ ಯಾವ ಮಾತನ್ನೂ ನಂಬುವದಿಲ್ಲ. ಸೂಚನೆಗಳನ್ನೇ ನಂಬದವನಿಂದ ಬಂದ ಉತ್ತರದಿಂದ ನಾವು ಕಲಿಯುವದಾದರೂ ಏನು?

7. ಮೊಬೈಲಿನ ಸ್ವಭಾವ

ಕಾಯುವವನು ತೆರೆಯನ್ನೇ ದಿಟ್ಟಿಸಿ ಕೂಡ್ರುವದಿಲ್ಲವೆಂಬದನ್ನೂ ನೆನಪಿಡಬೇಕು. ಅವನು ಬೇರೆ ಪುಟಕ್ಕೆ ಹೋಗುತ್ತಾನೆ. ಮೊಬೈಲು ತಾನೇ ಆರಿಹೋಗುತ್ತದೆ. ಹೀಗೆ ಹಿಂದೆ ಸರಿದ ಪುಟಕ್ಕೆ ಬ್ರೌಸರು ಹೆಚ್ಚು ಶಕ್ತಿಯನ್ನು ಕೊಡುವದಿಲ್ಲ. 2021ರಲ್ಲಿ ಬಂದ ಕ್ರೋಮ್ 88ನೆಯ ಆವೃತ್ತಿಯಿಂದ, ಐದು ನಿಮಿಷ ಮರೆಯಲ್ಲಿದ್ದ ಪುಟದ ಒಳಗಡಿಯಾರವು ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ ಮಾತ್ರ ಎಚ್ಚರಗೊಳ್ಳುತ್ತದೆ. ಬ್ಯಾಟರಿ ಉಳಿಸಲು ಇದು ಒಳ್ಳೆಯದೇ. ಆದರೆ ಕಾಯುವ ಹೊತ್ತನ್ನು ಆ ಪುಟವೇ ಎಣಿಸುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಗುಂಪು ಕೂಡಿದ ಸುದ್ದಿಯೂ ತಡವಾಗಿ ಮುಟ್ಟಬಹುದು. ಆದುದರಿಂದ ಹೊತ್ತನ್ನು ಸರ್ವರಿನಲ್ಲಿ ಎಣಿಸಬೇಕು. ಗುಂಪು ಕೂಡಿದೊಡನೆ ಒಂದು ಗಂಟೆಯ ಸಪ್ಪಳ ಮಾಡಬೇಕು. ಸಪ್ಪಳ ಬರುವದೆಂದು ಮೊದಲೇ ತಿಳಿಸಿ ಒಮ್ಮೆ ಕೇಳಿಸಿ ನೋಡಬೇಕು. ಸಿಗ್ನಲ್ಲು ಹೋಗಿ ಮರಳಿ ಬಂದವನಿಗೆ ಅವನ ಜಾಗ ಸ್ವಲ್ಪ ಹೊತ್ತಾದರೂ ಉಳಿದಿರಬೇಕು. ಗಿರಣಿಯಲ್ಲಿ ಡಬ್ಬಿ ಇದ್ದರೆ ಪಾಳಿ ಇದ್ದಂತೆ. ಇದೂ ಹಾಗೆಯೇ ಆಗಬೇಕು.

8. ನಮ್ಮ ಹೊಸ ತೆರೆ

ಇಷ್ಟೆಲ್ಲ ಓದಿ, ಚರ್ಚಿಸಿ, ನಾನು ಹೊಸದಾಗಿ ಬರೆದ ತೆರೆ ಹೀಗಿದೆ:

“ನೀವು ಇಲ್ಲಿಯವರೆಗಿನ ಕೆಲಸವನ್ನು ಸರಿಯಾಗಿ ಮುಗಿಸಿದ್ದೀರಿ. ಈ ಆಟಕ್ಕೆ ನಾಲ್ವರು ಬೇಕು. ಈಗ ಮೂವರು ಬಂದಿದ್ದೀರಿ, ಇನ್ನೊಬ್ಬರು ಬರಬೇಕು. 8 ನಿಮಿಷಕ್ಕಿಂತ ಹೆಚ್ಚು ನಿಮ್ಮನ್ನು ಕಾಯಿಸುವದಿಲ್ಲ. ಅಷ್ಟರಲ್ಲಿ ಯಾರೂ ಬಾರದಿದ್ದರೆ ಆಟ ಮುಗಿಯುತ್ತದೆ. ನೀವು ಕಾದ ಹೊತ್ತು ಲೆಕ್ಕಕ್ಕೆ ಬರುತ್ತದೆ. ಮೊಬೈಲನ್ನು ಬದಿಗಿಟ್ಟು ಬೇರೆ ಕೆಲಸ ಮಾಡಬಹುದು. ಗುಂಪು ಕೂಡಿದಾಗ ಗಂಟೆ ಬಾರಿಸುತ್ತದೆ. ಈಗಲೇ ಹೋಗಬೇಕಾದರೆ ಕೆಳಗಿನ ಗುಂಡಿಯನ್ನು ಒತ್ತಿರಿ. ಅದರಲ್ಲಿ ತಪ್ಪೇನೂ ಇಲ್ಲ.”

ಇದರ ಒಂದೊಂದು ವಾಕ್ಯಕ್ಕೂ ಕಾರಣವಿದೆ. ಮೊದಲನೆಯ ವಾಕ್ಯ ‘ನಾ ಏನರೆ ತಪ್ಪ ಒತ್ತೀನೇನೋ’ ಎಂಬ ಪ್ರಶ್ನೆಗೆ ಉತ್ತರ. ಎರಡನೆಯದು ಕಾರಣ ಹೇಳುತ್ತದೆ. ಮೂರನೆಯದು ಎಷ್ಟು ದೂರ ಬಂದೆವೆಂದು ಹೇಳುತ್ತದೆ. ಜೊತೆಗಾರರ ಸಂಖ್ಯೆಯನ್ನು ಗುಟ್ಟಾಗಿಡಬೇಕಾದ ಪ್ರಯೋಗಗಳಲ್ಲಿ ಇದನ್ನು ಬಿಡಬೇಕಾದೀತು. ನಾಲ್ಕನೆಯದು ಮಿತಿ ಹಾಕುತ್ತದೆ. ಕೊನೆಯ ಮಾತು ಕೇವಲ ಸೌಜನ್ಯವಲ್ಲ. ಪಾಲ್ಗೊಂಡವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದೆಂಬ ಹಕ್ಕನ್ನು 2017ರ ಐಸಿಎಂಆರ್ ನೈತಿಕ ಮಾರ್ಗಸೂಚಿಯೂ ಹೇಳುತ್ತದೆ. ಆ ಹಕ್ಕನ್ನು ಒಪ್ಪಿಗೆಪತ್ರದ ಮೂಲೆಯಲ್ಲಿ ಬರೆದು, ಕಾಯುವ ತೆರೆಯಲ್ಲಿ ಬಾಗಿಲನ್ನೇ ಇಡದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹಣ ಕೊಟ್ಟು ನಡೆಸುವ ಪ್ರಯೋಗಗಳಲ್ಲಂತೂ ಕಾದ ಹೊತ್ತಿಗೂ ಹಣ ಕೊಡಬೇಕು. ಕೂಲಿಗೆ ಕರೆದು, ಬಿತ್ತುವ ಬೀಜ ಬಂದಿಲ್ಲವೆಂದು ಬದುವಿನ ಮೇಲೆ ಕೂಡ್ರಿಸಿದ ಹೊತ್ತು ಆಳಿನದೇ ಹೊರತು ಹೊಲದವನದಲ್ಲ.

ಎರಡನೆಯ ಸಲ ಆಟ ಇಟ್ಟಾಗ ಚಿಗವ್ವನನ್ನು ಕೇಳಲು ನನಗೆ ಮುಖವಿರಲಿಲ್ಲ. ಅವಳೇ ಬಂದಳು. ಆ ದಿನವೂ ಅವಳ ಗುಂಪು ಕೂಡಲಿಲ್ಲ, ಮೂವರೇ ಆದರು. 8 ನಿಮಿಷ ಮುಗಿದಾಗ ತೆರೆಯು ಅವಳಿಗೆ ಕಾರಣ ಹೇಳಿ, ಕಾದದ್ದಕ್ಕೆ ಕೃತಜ್ಞತೆ ಹೇಳಿ, ಬೀಳ್ಕೊಟ್ಟಿತು. ರಾತ್ರಿ ಫೋನಿನಲ್ಲಿ, “ಇವತ್ತೂ ಆಟ ಆಗಲಿಲ್ಲ ನೋಡು” ಎಂದಳು. ಸ್ವಲ್ಪ ತಡೆದು, “ಇರಲಿ ಬಿಡು, ಈ ಸಲ ಹೇಳಿ ಕಳಿಸಿದ್ರಿ” ಎಂದಳು.

ನಮ್ಮ ಪಟ್ಟಿಯಲ್ಲಿ ಈಗ ಅವಳ ಸಾಲಿನ ಮುಂದೆ ‘ಅಪೂರ್ಣ’ ಎಂದಿಲ್ಲ. ‘ಬಂದರು, 8 ನಿಮಿಷ ಕಾದರು, ಗುಂಪು ಕೂಡಲಿಲ್ಲ’ ಎಂದಿದೆ. ಅಂಕಿಗಳ ದೃಷ್ಟಿಯಿಂದ ಇದರಿಂದ ಸಹಕಾರದ ವಿಷಯದಲ್ಲಿ ನಮಗೆ ಇನ್ನೂ ಏನೂ ತಿಳಿದಿಲ್ಲ. ಆದರೆ ನಡೆದದ್ದನ್ನು ನಡೆದಂತೆ ಬರೆದಿದ್ದೇವೆ. ಮುಂದಿನ ವರ್ಷ ಈ ಅಭ್ಯಾಸವನ್ನು ಕೈಗೊಳ್ಳುವ ಗೆಳೆಯರು ಮೊದಲು ಆಟವನ್ನಲ್ಲ, ಈ ತೆರೆಯನ್ನು ಬರೆಯಲಿ. ಬರೆದು, ತಮ್ಮ ಮನೆಯವರಲ್ಲೊಬ್ಬರ ಕೈಗೆ ಕೊಟ್ಟು, ತಾವು ದೂರ ನಿಂತು ನೋಡಲಿ ಎಂದು ವಿನಂತಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.